ಚಾಮಯ್ಯ ಮೇಷ್ಟ್ರು ಮಾಡಿದ್ದು ಸರಿಯೇ?



ಸಿನಿಮಾ ಅಂದ ಕೂಡಲೇ ನಾವು ಹೀರೋ ಹೆಸರು ಹೇಳ್ತೇವೆ. ಆದರೆ ಟಿ.ವಿ.ಯಲ್ಲಿ ‘ನಾಗರಹಾವು’ ಬಂದಾಗ ನಮ್ಮಜ್ಜಿ ಮಾತ್ರ “ಮೇಷ್ಟ್ರು ಬಂದ್ರು, ಸುಮ್ನಿರ್ರೋ” ಅಂತಾರೆ. ಆ ಮೇಷ್ಟ್ರೇ ಕೆ.ಎಸ್. ಅಶ್ವತ್ಥ್.

ಕಲಾವಿದರ ಪರಿಚಯ: ಅಶ್ವತ್ಥ್ ಅವರು 1925ರ ಮಾರ್ಚ್ 25ರಂದು ಮೈಸೂರಿನಲ್ಲಿ ಹುಟ್ಟಿದರು. 1955ರ ‘ಸ್ತ್ರೀರತ್ನ’ ಚಿತ್ರದಿಂದ ಬೆಳ್ಳಿತೆರೆಗೆ ಬಂದರು. 300ಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ಪೌರಾಣಿಕ ಚಿತ್ರಗಳಲ್ಲಿ ನಾರದನಾಗಿ ನಗಿಸಿದರು. ಸಾಮಾಜಿಕ ಚಿತ್ರಗಳಲ್ಲಿ ತಂದೆಯಾಗಿ, ಮನೆಯ ಹಿರಿಯನಾಗಿ ಅಳಿಸಿದರು. 2010ರ ಜನವರಿ 18ರಂದು ತೀರಿಕೊಂಡರು. ಆದರೂ ಜನ ಅವರನ್ನು ಇವತ್ತಿಗೂ ಚಾಮಯ್ಯ ಮೇಷ್ಟ್ರು ಅಂತಲೇ ನೆನೆಯುತ್ತಾರೆ.

ಪಾತ್ರದ ಪರಿಚಯ: ‘ನಾಗರಹಾವು’ 1972ರಲ್ಲಿ ಬಂತು. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಚಿತ್ರ. ಕಥೆ ನಡೆಯುವುದು ಚಿತ್ರದುರ್ಗದಲ್ಲಿ. ವಿಷ್ಣುವರ್ಧನ್ ಮಾಡಿದ ರಾಮಾಚಾರಿ ಮಹಾ ಹಠಮಾರಿ. ಊರೆಲ್ಲ ಅವನನ್ನು ಬೈಯುತ್ತೆ. ಅವನು ಕಾಲೇಜು ಸೇರಿದ ಮೇಲೂ, ಚಿಕ್ಕಂದಿನಲ್ಲಿ ಪಾಠ ಹೇಳಿದ ಚಾಮಯ್ಯ ಮೇಷ್ಟ್ರ ಮಾತನ್ನು ಮಾತ್ರ ಮೀರುವುದಿಲ್ಲ. ಯಾಕೆ? ಮೇಷ್ಟ್ರು ಅವನಿಗೆ ಹೊಡೆಯಲ್ಲ, ಅವನನ್ನು ನಂಬುತ್ತಾರೆ. ಅಶ್ವತ್ಥ್ ಇದನ್ನು ದೊಡ್ಡ ಡೈಲಾಗಿನಿಂದ ತೋರಿಸುವುದಿಲ್ಲ. ತಗ್ಗಿದ ದನಿಯಲ್ಲಿ, ಒದ್ದೆ ಕಣ್ಣಲ್ಲಿ ತೋರಿಸುತ್ತಾರೆ.

ನನಗೆ ಬಂದ ಸಂಶಯ: ರಾಮಾಚಾರಿ ಅಲಮೇಲುವನ್ನು ಪ್ರೀತಿಸುತ್ತಾನೆ. ಮೇಷ್ಟ್ರು ಅವಳನ್ನು ಮರೆತುಬಿಡು ಅಂತಾರೆ. ಅವರ ಮೇಲಿನ ಗೌರವಕ್ಕೆ ಅವನು ಒಪ್ಪುತ್ತಾನೆ. ಮನೆಯವರು ನೋಡಿದ ಗಂಡಿನ ಜೊತೆ ಅಲಮೇಲುವಿನ ಮದುವೆ ಆಗುತ್ತೆ. ಆಮೇಲೆ ಅವಳ ಬಾಳೇ ಹಾಳಾಗುತ್ತೆ. ಮುಂದೆ ಮಾರ್ಗರೆಟ್ ವಿಷಯದಲ್ಲೂ ಮೇಷ್ಟ್ರು ಅಡ್ಡ ಬರುತ್ತಾರೆ. ಕೊನೆಗೆ ಬೆಟ್ಟದ ಮೇಲಿಂದ ಬಿದ್ದು ಮೇಷ್ಟ್ರು ಸಾಯುತ್ತಾರೆ. ಆ ಇಬ್ಬರೂ ಉಳಿಯುವುದಿಲ್ಲ.

ಹಾಗಾದರೆ ಮೇಷ್ಟ್ರು ಕೆಟ್ಟವರಾ? ಖಂಡಿತ ಅಲ್ಲ. ಅವರು ಶಿಷ್ಯನ ಒಳ್ಳೆಯದನ್ನೇ ಬಯಸಿದರು. ಆದರೆ ಶಿಷ್ಯನ ಮನಸ್ಸಿಗಿಂತ ಊರಿನ ಕಟ್ಟುಪಾಡಿನ ಭಯ ಅವರಿಗೆ ದೊಡ್ಡದಾಯಿತು. ಅಲಮೇಲುವಿನ ಮಾತನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ಒಳ್ಳೆಯವರಿಂದಲೂ ತಪ್ಪಾಗಬಹುದು ಎಂಬುದು ಈ ಪಾತ್ರದಿಂದ ನಾನು ಕಲಿತ ಪಾಠ.

ಅಶ್ವತ್ಥ್ ಅವರ ದೊಡ್ಡತನ ಇರುವುದು ಇಲ್ಲೇ. ಮೇಷ್ಟ್ರು ತಪ್ಪು ಮಾಡುವಾಗಲೂ ನಮಗೆ ಅವರ ಮೇಲೆ ಸಿಟ್ಟು ಬರಲ್ಲ, ಸಂಕಟ ಆಗುತ್ತೆ. ಬೇರೆ ಯಾರಾದರೂ ಮಾಡಿದ್ದರೆ ಅವರು ಬರೀ ಉಪದೇಶ ಹೇಳುವ ಮೇಷ್ಟ್ರಾಗಿ ಉಳಿಯುತ್ತಿದ್ದರೇನೋ!

ಗುರುಗಳ ಕ್ಷಮೆ ಕೋರಿ ಒಂದು ಮಾತು. ನಾವು ನಿಮ್ಮ ಮಾತು ಕೇಳುತ್ತೇವೆ. ನೀವೂ ಒಮ್ಮೊಮ್ಮೆ ನಮ್ಮ ಮಾತು ಕೇಳಿ. ನಿಮಗೆ ಎದುರಾಡುವುದು ನಮ್ಮ ಉದ್ದೇಶವಲ್ಲ.

ಯೋಚಿಸಿ, ಉತ್ತರಿಸಿ:
1. ರಾಮಾಚಾರಿ ಮೇಷ್ಟ್ರಿಗೆ ‘ಆಗಲ್ಲ ಸಾರ್’ ಅಂದಿದ್ದರೆ ಅದು ಗುರುದ್ರೋಹವೇ?
2. ಅಲಮೇಲುವನ್ನು ಕೇಳಿದ್ದರೆ ಅವಳು ಏನು ಹೇಳುತ್ತಿದ್ದಳು?

ಉತ್ತರಗಳನ್ನು ಬಿಳಿ ಹಾಳೆಯಲ್ಲಿ ಬರೆದು ಕೊಡಿ. ಮುಂದಿನ ಸಂಚಿಕೆಯಲ್ಲಿ ಅಂಟಿಸೋಣ.

– ಹತ್ತನೇ ತರಗತಿ ವಿದ್ಯಾರ್ಥಿನಿ