ಪಾತ್ರದ ಮೇಲಿನ ಸಿಟ್ಟು ಪಾತ್ರದ ಮೇಲೇ ಇರಲಿ

ಪುಟ್ಟಿ,

ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ರಾತ್ರಿ ಬಚ್ಚಲೊಲೆಯ ಮುಂದೆ ಕೂತು ನಿನ್ನ ಧಾರಾವಾಹಿಯ ಕಥೆಯನ್ನು ಮೊದಲಿನಿಂದ ಹೇಳಿದೆಯಲ್ಲ, ಕೇಳಿ ನನಗೆ ತುಂಬಾ ಖುಷಿಯಾಯಿತು. ಬೆಂಗಳೂರಿನ ಪಿಜಿಯಲ್ಲಿ ಊಟದ ತಟ್ಟೆ ಹಿಡಿದು ಮೊಬೈಲಿನಲ್ಲಿ ನೋಡುತ್ತೀಯಂತೆ, ಈವರೆಗೆ ಒಂದು ಕಂತೂ ಬಿಟ್ಟಿಲ್ಲವಂತೆ. ‘ಈ ವಯಸ್ಸಿಗೇ ಸೀರಿಯಲ್ ಹುಚ್ಚಾ?’ ಎಂದು ಆಫೀಸಿನ ಗೆಳತಿಯರು ನಗುತ್ತಾರೆ ಎಂದೆ. ನಗಲಿ ಬಿಡು. ದಿನಾ ಒಂದು ಕಥೆಗಾಗಿ ಕಾಯುವುದು ನಾಚಿಕೆಪಡುವ ಸಂಗತಿಯಲ್ಲ.

ಆಮೇಲೆ ನೀನು ಮೊಬೈಲ್ ತೆಗೆದು ಇನ್ನೊಂದು ತೋರಿಸಿದೆ. ಆ ಧಾರಾವಾಹಿಯಲ್ಲಿ ಕೆಟ್ಟ ಅತ್ತಿಗೆಯ ಪಾತ್ರ ಮಾಡುವಾಕೆ ತನ್ನ ಪುಟ್ಟ ಮಗುವಿನ ಜೊತೆಗಿರುವ ಫೋಟೊ ಹಾಕಿದ್ದಳು. ಅದರ ಕೆಳಗೆ ನೀನು, ‘ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ್ದು ಆ ಮಗುವಿನ ಕರ್ಮ’ ಎಂದು ಬರೆದಿದ್ದೆ. ನಿನ್ನ ಸಾಲನ್ನು ನೂರಾರು ಜನ ಮೆಚ್ಚಿದ್ದಾರೆ ಎಂದು ಹೆಮ್ಮೆಯಿಂದ ಹೇಳಿದೆ. ಮನೆ ತುಂಬ ನೆಂಟರಿದ್ದರು, ಹಬ್ಬ ಬೇರೆ. ನಾನು ಸುಮ್ಮನಾದೆ. ಆದರೆ ಆ ಸಾಲು ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಈ ಕಿವಿಮಾತು.

ನಾನೂ ನಿನ್ನ ಹಾಗೆಯೇ ನೋಡಿದವಳು. 1998ರಲ್ಲಿ ದೂರದರ್ಶನದಲ್ಲಿ ‘ಮಾಯಾಮೃಗ’ ಶುರುವಾಯಿತು. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಮಾಡಿದ್ದು. ಸಂಜೆ ನಾಲ್ಕೂವರೆಗೆ ಬರುತ್ತಿತ್ತು, ಟೀಚರಾಗಿದ್ದ ನನಗೆ ಶಾಲೆ ಬಿಡುವ ಹೊತ್ತೂ ಅದೇ. ಬೀಗ ಹಾಕಿ ಓಡೋಡಿ ಮನೆಗೆ ಬಂದರೆ ಅರ್ಧ ಕಥೆ ಮುಗಿದಿರುತ್ತಿತ್ತು. ಮಳೆಗಾಲದಲ್ಲಿ ಕರೆಂಟು ಇರುತ್ತಿರಲಿಲ್ಲ, ಇದ್ದರೆ ಗಾಳಿಗೆ ಆಂಟೆನಾ ತಿರುಗಿ ಪರದೆಯ ಮೇಲೆ ಬರೀ ಚುಕ್ಕಿ. ತಪ್ಪಿದ ಭಾಗವನ್ನು ಪಕ್ಕದ ಮನೆಯ ಅಕ್ಕ ಬೇಲಿಯ ಬಳಿ ನಿಂತು ಹೇಳುತ್ತಿದ್ದರು. ಅವರು ಕಥೆಯಷ್ಟನ್ನೇ ಹೇಳುತ್ತಿರಲಿಲ್ಲ, ಯಾರು ಮಾಡಿದ್ದು ಸರಿ, ಯಾರದು ತಪ್ಪು ಎಂಬುದನ್ನೂ ಸೇರಿಸುತ್ತಿದ್ದರು. ನಾನು ಒಪ್ಪದಿದ್ದರೆ ಮರುದಿನವೂ ವಾದ. ನಮ್ಮ ಕೇರಿಯ ಹೆಂಗಸರು ಹೆಣ್ಣುಮಕ್ಕಳ ಓದು, ಕೆಲಸ, ಮದುವೆ, ಮರ್ಯಾದೆ ಇವುಗಳ ಬಗ್ಗೆ ಮನಸ್ಸು ಬಿಚ್ಚಿ ಮಾತಾಡಿದ್ದು ಆ ಬೇಲಿಯ ಬಳಿಯೇ. ತಮ್ಮ ಮನೆಯ ಕಷ್ಟವನ್ನು ಬಾಯಿಬಿಟ್ಟು ಹೇಳಲಾರದವರು ಪಾತ್ರದ ಹೆಸರಿನಲ್ಲಿ ಹೇಳಿಕೊಂಡರು. ಧಾರಾವಾಹಿ ಮಾಡಬಹುದಾದ ದೊಡ್ಡ ಉಪಕಾರ ಇದು. 2022ರಲ್ಲಿ ‘ಮತ್ತೆ ಮಾಯಾಮೃಗ’ ಬಂದಾಗ, ದೂರ ಹೋದ ನೆಂಟರು ಊರಿಗೆ ಬಂದಷ್ಟು ಸಂತೋಷವಾಗಿತ್ತು ನನಗೆ.

ಇನ್ನು ನಾನು ಮಾಡಿದ ತಪ್ಪನ್ನೂ ಹೇಳುತ್ತೇನೆ. ಕೆಲವು ವರ್ಷಗಳ ನಂತರ ಬೆಂಗಳೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಆಗ ಬರುತ್ತಿದ್ದ ಒಂದು ಧಾರಾವಾಹಿಯಲ್ಲಿ ಸೊಸೆಯನ್ನು ಗೋಳುಹೊಯ್ದುಕೊಳ್ಳುವ ಅತ್ತೆಯಾಗಿದ್ದಾಕೆ ಊಟದ ಪಂಕ್ತಿಯಲ್ಲಿ ನನ್ನ ಎದುರಿಗೇ ಕೂತಿದ್ದರು. ಕೈ ತೊಳೆಯುವಲ್ಲಿ ಸಿಕ್ಕಾಗ, ‘ನಿಮ್ಮನ್ನು ಕಂಡರೆ ಮೈ ಉರಿಯುತ್ತದೆ, ನಿಮ್ಮ ಮನೆಯಲ್ಲೂ ಹೀಗೇನಾ?’ ಎಂದುಬಿಟ್ಟೆ. ಆಕೆ ನಕ್ಕು ಕೈ ಮುಗಿದರು. ಆದರೆ ಪಕ್ಕದಲ್ಲಿದ್ದ ಅವರ ಮಗಳು, ಏಳೆಂಟು ವರ್ಷದವಳು, ನನ್ನನ್ನೇ ನೋಡುತ್ತಾ ತಾಯಿಯ ಸೆರಗಿನ ಹಿಂದೆ ಸರಿದಳು. ಶಾಲೆಯಲ್ಲಿ ಅಷ್ಟು ಮಕ್ಕಳ ಮುಖ ನೋಡಿದವಳು ನಾನು. ಆ ಮಗು ಹೆದರಿದ್ದು ನನಗೆ ಎಂದು ಗೊತ್ತಾಯಿತು. ಇವತ್ತಿಗೂ ಆ ಮುಖ ಕಣ್ಣ ಮುಂದಿದೆ.

ಅದಕ್ಕಿಂತ ಹೆಚ್ಚು ನೋವಾದದ್ದು ನನ್ನ ಅಜ್ಜಿಯ ನೆನಪಾಗಿ. ನಾನು ಚಿಕ್ಕವಳಿದ್ದಾಗ ನಮ್ಮೂರ ಗದ್ದೆಯಲ್ಲಿ ಬಯಲಾಟವಾಗುತ್ತಿತ್ತು. ಕೀಚಕ ಸೈರಂಧ್ರಿಯನ್ನು ಕಾಡುವಾಗ ಹೆಂಗಸರೆಲ್ಲ ಹಲ್ಲು ಕಡಿಯುತ್ತಿದ್ದರು, ಅಜ್ಜಿಯಂತೂ ಕೂತಲ್ಲಿಂದಲೇ ಶಾಪ ಹಾಕುತ್ತಿದ್ದಳು. ಬೆಳಗಾಗಿ ಮಂಗಳ ಹಾಡಿದ ಮೇಲೆ ಅದೇ ಕೀಚಕನ ವೇಷದವರು ವೇಷ ಕಟ್ಟುವ ಚೌಕಿಯಲ್ಲಿ ಬಣ್ಣ ತೆಗೆದು, ಕಿವಿಯ ಸಂದಿಯಲ್ಲಿ ಇನ್ನೂ ಒಂದಿಷ್ಟು ಬಣ್ಣ ಉಳಿಸಿಕೊಂಡೇ ನಮ್ಮ ಜಗಲಿಗೆ ಬಂದು ಅವಲಕ್ಕಿಗೆ ಕೂರುತ್ತಿದ್ದರು. ಅಜ್ಜಿ ಉಳಿದವರಿಗಿಂತ ಒಂದು ಸೌಟು ಮೊಸರು ಹೆಚ್ಚು ಬಡಿಸಿ, ‘ರಾತ್ರಿ ನಿಮ್ಮನ್ನು ಕಂಡು ಮೈ ಉರೀತು ಮಾರಾಯ್ರೇ, ಎಷ್ಟು ಚಂದ ಮಾಡಿದ್ರಿ!’ ಎನ್ನುತ್ತಿದ್ದಳು. ನಾನು ಮದುವೆಮನೆಯಲ್ಲಿ ಆಡಿದ್ದೂ ಅದೇ ಮಾತು, ಮೈ ಉರಿಯುತ್ತದೆ ಅಂತ. ಅಕ್ಷರ ಕಲಿಯದ ಅಜ್ಜಿಯ ಬಾಯಲ್ಲಿ ಅದು ಹೊಗಳಿಕೆ, ಮೇಷ್ಟರಮ್ಮನ ಬಾಯಲ್ಲಿ ಬೈಗುಳ.

ಯಾಕೆ ಹೀಗಾಗುತ್ತದೆ ಎಂದು ಬಹಳ ಯೋಚಿಸಿದ್ದೇನೆ. ಬಯಲಾಟದಲ್ಲಿ ಕಿರೀಟವಿದೆ, ಬಣ್ಣವಿದೆ, ಚೆಂಡೆಯಿದೆ. ಇದು ವೇಷ ಎಂದು ಕಣ್ಣಿಗೆ ತಿಳಿಯುತ್ತದೆ, ಬೆಳಗಾದರೆ ಕಳಚುವುದೂ ಗೊತ್ತಿರುತ್ತದೆ. ಟಿವಿಯ ಕೆಟ್ಟ ಅತ್ತಿಗೆ ಉಡುವುದು ನಮ್ಮ ಪಕ್ಕದ ಮನೆಯವರು ಉಡುವ ಸೀರೆಯನ್ನೇ. ಅವಳು ನಿಂತಿರುವುದು ನಮ್ಮದೇ ಥರದ ಅಡುಗೆಮನೆಯಲ್ಲಿ. ದಿನಾ ಅದೇ ಹೊತ್ತಿಗೆ, ವರ್ಷಗಟ್ಟಲೆ, ಊಟದ ತಟ್ಟೆಯ ಮುಂದೆ ಬರುತ್ತಾಳೆ. ಅವಳ ಚೌಕಿ ನಮಗೆ ಕಾಣುವುದೇ ಇಲ್ಲ. ಹಾಗಾಗಿ ವೇಷ ಕಳಚುವ ಕೆಲಸವನ್ನು ನೋಡುವವರೇ ಮಾಡಬೇಕು ಪುಟ್ಟಿ. ಕಂತು ಮುಗಿದ ಕೂಡಲೇ ಮನಸ್ಸಿನಲ್ಲಿ ಅವಳ ಬಣ್ಣ ತೆಗೆದುಬಿಡಬೇಕು.

ನಮ್ಮ ಜನಕ್ಕೆ ಇದು ಸಾಧ್ಯವಿಲ್ಲ ಎಂದುಕೊಳ್ಳಬೇಡ. ರಮಾನಂದ ಸಾಗರ್ ಅವರ ‘ರಾಮಾಯಣ’ 1987ರ ಜನವರಿಯಿಂದ 1988ರ ಜುಲೈವರೆಗೆ ಭಾನುವಾರ ಬೆಳಿಗ್ಗೆ ಬರುತ್ತಿತ್ತು. ಬೀದಿಗಳು ಖಾಲಿಯಾಗುತ್ತಿದ್ದವು, ಟಿವಿಗೇ ಹೂ ಹಾಕಿ ಕೈ ಮುಗಿದವರಿದ್ದರು. ಅಷ್ಟು ಮುಳುಗಿ ನೋಡಿದ ಜನ 1991ರ ಲೋಕಸಭಾ ಚುನಾವಣೆಯಲ್ಲಿ ಏನು ಮಾಡಿದರು ಗೊತ್ತೇ? ಸೀತೆಯಾಗಿದ್ದ ದೀಪಿಕಾ ಚಿಖಲಿಯಾ ಗುಜರಾತಿನ ಬರೋಡಾದಿಂದ ಗೆದ್ದರು. ರಾವಣನಾಗಿದ್ದ ಅರವಿಂದ ತ್ರಿವೇದಿಯೂ ಅದೇ ರಾಜ್ಯದ ಸಾಬರ್‌ಕಾಂಠಾದಿಂದ ಗೆದ್ದರು. ಸೀತೆಯನ್ನು ಕದ್ದವನು ಎಂಬ ಸಿಟ್ಟನ್ನು ಮತದಾರರು ಆ ಕಲಾವಿದರ ಮೇಲೆ ತೀರಿಸಿಕೊಳ್ಳಲಿಲ್ಲ. ಇದು ನಮ್ಮ ಜನಕ್ಕೆ ಗೊತ್ತಿರುವ ವಿವೇಕವೇ. ಮೊಬೈಲ್ ಕೈಗೆ ಬಂದ ಮೇಲೆ ಸಿಟ್ಟು ಬಂದ ಗಳಿಗೆಗೇ ಬೆರಳು ಓಡುತ್ತದೆ, ಅಷ್ಟೇ.

ನೀನು ಬೈದದ್ದು ಯಾರನ್ನು ಎಂದೂ ಯೋಚಿಸು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಧಾರಾವಾಹಿಗಳಲ್ಲಿ ಸಹಾಯಕ ನಿರ್ದೇಶಕ, ಅವನು ಬಂದಾಗಲೆಲ್ಲ ಕೇಳಿ ತಿಳಿದುಕೊಂಡಿದ್ದೇನೆ. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದರೆ ಕಥೆಗೆ ಉಳಿಯುವುದು ಇಪ್ಪತ್ತು, ಇಪ್ಪತ್ತೆರಡು ನಿಮಿಷ. ಅಷ್ಟನ್ನು ಹೆಚ್ಚುಕಡಿಮೆ ದಿನಕ್ಕೊಂದರಂತೆ ಚಿತ್ರೀಕರಿಸಬೇಕು, ಇಲ್ಲದಿದ್ದರೆ ನಾಳೆಗೆ ಕಂತಿಲ್ಲ. ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು, ಎಲ್ಲಕ್ಕೂ ವಾಹಿನಿಯ ಒಪ್ಪಿಗೆ ಬೇಕು. ಗುರುವಾರ ಟಿಆರ್‌ಪಿ ಕೈಗೆ ಬಂದಾಗ ಅಂಕ ಇಳಿದಿದ್ದರೆ ಕಥೆಯ ದಾರಿಯೇ ಬದಲಾಗಬಹುದು. ಎಷ್ಟೋ ಸಲ ಕಲಾವಿದರಿಗೆ ತಮ್ಮ ಮಾತಿನ ಹಾಳೆ ಸಿಗುವುದು ಅಂದಿನ ಬೆಳಿಗ್ಗೆ, ಸೆಟ್ಟಿನಲ್ಲೇ. ಯಾರದೋ ಹಾಲಿಗೆ ವಿಷ ಹಾಕಬೇಕೆಂದು ಆ ಅತ್ತಿಗೆಯ ಪಾತ್ರದಾಕೆ ತೀರ್ಮಾನ ಮಾಡಿದ್ದಲ್ಲ. ದಿನದ ಲೆಕ್ಕದ ಸಂಬಳಕ್ಕೆ, ಬೆಳಿಗ್ಗೆ ಮಗುವನ್ನು ಬಿಟ್ಟು ಬಂದು, ಕೊಟ್ಟ ಪಾತ್ರವನ್ನು ನಿನಗೆ ಸಿಟ್ಟು ಬರುವಷ್ಟು ಚೆನ್ನಾಗಿ ಮಾಡಿದ್ದಾಳೆ. ಅದು ಅವಳ ಕಸುಬಿನ ಗೆಲುವು.

ಹಾಗಾದರೆ ಸಿಟ್ಟು ಬಂದರೆ ನುಂಗಿಕೊಳ್ಳಬೇಕೇ? ಬೇಡ. ಕಥೆಯ ಮೇಲೆ ಸಿಟ್ಟು ಮಾಡು. ಒಳ್ಳೆಯ ಹೆಣ್ಣು ಎಂದರೆ ಸುಮ್ಮನೆ ಅಳುವವಳು ಎಂದು ತಿಂಗಳುಗಟ್ಟಲೆ ತೋರಿಸಿದರೆ ಕೇಳು. ಕೊಲೆಗೆ ಸಂಚು ಮಾಡಿದವಳು ಪೊಲೀಸು, ಕೋರ್ಟು ಏನೂ ಇಲ್ಲದೆ ಮರುವಾರ ಹಬ್ಬದ ಅಡುಗೆ ಮಾಡುತ್ತಿದ್ದರೆ ಕೇಳು. ಯಾವ ದೃಶ್ಯ, ಯಾಕೆ ಸರಿಯಿಲ್ಲ ಎಂದು ನಾಲ್ಕು ಸಾಲು ಬಿಡಿಸಿ ಬರೆ. ಅದು ಬರೆಯುವವರಿಗೂ ವಾಹಿನಿಗೂ ಉಪಯೋಗಕ್ಕೆ ಬರುವ ಮಾತು. ಆಮೇಲೂ ಕಥೆ ಸೊರಗುತ್ತಲೇ ಹೋದರೆ ನೋಡುವುದನ್ನು ನಿಲ್ಲಿಸು. ಇಷ್ಟು ದಿನ ನೋಡಿದೆನಲ್ಲ ಎಂಬ ಒಂದೇ ಕಾರಣಕ್ಕೆ ನಿನ್ನ ರಾತ್ರಿಯ ಅರ್ಧ ಗಂಟೆಯನ್ನು ಯಾರಿಗೂ ಕೊಡಬೇಡ. ನೋಡುವವರ ಎಣಿಕೆಯ ಮೇಲೆ ನಡೆಯುವ ಉದ್ಯಮಕ್ಕೆ ಎದ್ದು ಹೋಗುವವರ ಮಾತು ಬೇಗ ಕೇಳಿಸುತ್ತದೆ.

ಕೆಲವು ಸಲ ಯಾರ ತಪ್ಪೂ ಇಲ್ಲದೆ ಕಥೆ ನಿಲ್ಲುತ್ತದೆ. 2018ರಲ್ಲಿ ಶುರುವಾದ ಸೀತಾರಾಮರ ‘ಮಗಳು ಜಾನಕಿ’ 2020ರ ಲಾಕ್‌ಡೌನಿನಲ್ಲಿ ನಡುವೆಯೇ ನಿಂತುಹೋಯಿತು. ಜಾನಕಿಗೆ ಮುಂದೇನಾಯಿತು ಎಂದು ತಿಳಿಯದೆ ನಾನು ಎಷ್ಟು ಚಡಪಡಿಸಿದೆ ಎಂದು ನಿನ್ನಮ್ಮನನ್ನು ಕೇಳು. ಆ ದುಃಖವನ್ನೂ ಅಭಿಮಾನಿ ತಾಳಿಕೊಳ್ಳಬೇಕು. ನಾನೂ ನಿನ್ನಮ್ಮನೂ ಫೋನಿನಲ್ಲಿ ಒಂದೊಂದು ಕೊನೆ ಕಟ್ಟಿಕೊಂಡೆವು, ಎರಡೂ ಚೆನ್ನಾಗಿಯೇ ಇದ್ದವು.

ಪ್ರೀತಿಯಿಂದ ನೋಡಿದವರು ಏನು ಉಳಿಸಬಲ್ಲರು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿಯಿದೆ. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ತೆಗೆದದ್ದು ಹೆಚ್ಚಾಗಿ ಆಗುಂಬೆಯಲ್ಲಿ. ಅದರ ರೈಲು ನಿಲ್ದಾಣ ನಮ್ಮ ಅರಸಾಳು. ಹಾಳು ಬಿದ್ದಿದ್ದ ಆ ಹಳೆಯ ಕಟ್ಟಡವನ್ನು ರಿಪೇರಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಚಿತ್ರೀಕರಣ ನಡೆದ ಆಗುಂಬೆಯ ದೊಡ್ಡಮನೆಯನ್ನು ನೋಡಲು ಇವತ್ತಿಗೂ ಜನ ಬರುತ್ತಾರೆ. ಜಗಲಿಯಲ್ಲಿ ಕೂತು ಕಥೆಯ ಹುಡುಗ ಸ್ವಾಮಿಯನ್ನು ನೆನೆದು ಹೋಗುತ್ತಾರೆ. ಶಂಕರ್ ನಾಗ್ ತೀರಿಕೊಂಡು ಮೂವತ್ತೈದು ವರ್ಷವಾಯಿತು, ಅಭಿಮಾನ ಆ ಜಗಲಿಯನ್ನು ಬಿಟ್ಟಿಲ್ಲ. ಅದೇ ಕಾಲದ ಬೈಗುಳಗಳು ಎಲ್ಲಿ ಹೋದವೋ, ಯಾರೂ ನೆನಪಿಟ್ಟುಕೊಂಡಿಲ್ಲ.

ಆದರೆ ನೀನು ಬರೆದದ್ದು ಬೇಲಿಯ ಬಳಿ ಆಡಿದ ಮಾತಿನ ಹಾಗೆ ಗಾಳಿಗೆ ಹೋಗುವುದಿಲ್ಲ, ಅಲ್ಲೇ ಉಳಿಯುತ್ತದೆ. ಫೋಟೊದಲ್ಲಿರುವ ಆ ಮಗು ಇನ್ನು ನಾಲ್ಕೈದು ವರ್ಷಕ್ಕೆ ಓದಲು ಕಲಿಯುತ್ತದೆ. ಅಮ್ಮನ ಚಿತ್ರದ ಕೆಳಗೆ ಏನು ಬರೆದಿದೆ ಎಂದು ಕೂಡಿಸಿ ಕೂಡಿಸಿ ಓದುತ್ತದೆ. ಅಷ್ಟರೊಳಗೆ, ಇವತ್ತೇ, ಆ ಸಾಲನ್ನು ಅಳಿಸು. ಅದರ ಜಾಗದಲ್ಲಿ ನನ್ನಜ್ಜಿಯ ಮಾತನ್ನು ಬರೆ: ‘ರಾತ್ರಿ ನಿಮ್ಮನ್ನು ಕಂಡು ಮೈ ಉರಿಯಿತು, ಎಷ್ಟು ಚಂದ ಮಾಡಿದಿರಿ!’

ನಿನ್ನ
ದೊಡ್ಡಮ್ಮ