ಆವೃತ್ತಿ ರಕ್ಷಣೆ: ಏಕಭಂಡಾರವೋ, ಬಹುಭಂಡಾರವೋ?

ಓಲೆಗರಿಯ ಕಾಲದಲ್ಲಿ ಗ್ರಂಥವೊಂದರ ಅಳಿವು ಉಳಿವು ಬಹುಮಟ್ಟಿಗೆ ಅದರ ಪ್ರತಿಗಳ ಸಂಖ್ಯೆಯನ್ನು ಅವಲಂಬಿಸಿತ್ತು. ಏಕೈಕ ಪ್ರತಿಯು ಗೆದ್ದಲಿಗೋ ಬೆಂಕಿಗೋ ಆಹುತಿಯಾದರೆ ಕೃತಿಯೇ ನಷ್ಟವಾಗುತ್ತಿತ್ತು. ಹಲವು ಊರುಗಳಲ್ಲಿ ಪ್ರತಿಗಳಿದ್ದರೆ ಸಂಪಾದಕನು ಪಾಠಾಂತರಗಳನ್ನು ಹೋಲಿಸಿ ಅದನ್ನು ಪುನಃ ಕಟ್ಟಬಲ್ಲವನಾಗಿದ್ದನು. ಇಂದು ಗಣಕಯಂತ್ರದಲ್ಲಿ ನಿಘಂಟನ್ನೋ ಪಾಠಟಿಪ್ಪಣಿಯನ್ನೋ ಕ್ರಮವಿಧಿಯನ್ನೋ ಏಕಾಂಗಿಯಾಗಿ ಸಿದ್ಧಪಡಿಸುವವನ ಮುಂದೆಯೂ ಇದೇ ಪ್ರಶ್ನೆಯಿದೆ.

ತಿದ್ದಿದಂತೆಲ್ಲ ಪ್ರತಿಯೊಂದು ರೂಪವನ್ನೂ ಕರ್ತೃ, ಕಾಲ, ಕಾರಣಗಳೊಡನೆ ದಾಖಲಿಸಿಡುವ ಏರ್ಪಾಡಿಗೆ ಆವೃತ್ತಿ ನಿಯಂತ್ರಣವೆಂದು ಹೆಸರು. 1972ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಎಸ್‌ಸಿಸಿಎಸ್ ಇಂತಹ ಆದ್ಯ ಸಾಧನಗಳಲ್ಲಿ ಒಂದು. ಈಗ ಬಳಕೆಯಲ್ಲಿರುವ ಪದ್ಧತಿಗಳು ಮುಖ್ಯವಾಗಿ ಎರಡು.

ಮೊದಲನೆಯದು ಕೇಂದ್ರೀಕೃತ ಪದ್ಧತಿ. 2000ರಲ್ಲಿ ಆರಂಭವಾಗಿ 2004ರಲ್ಲಿ ಮೊದಲ ಪೂರ್ಣ ಆವೃತ್ತಿಯನ್ನು ಕಂಡ ಸಬ್‌ವರ್ಷನ್ ಇದಕ್ಕೆ ನಿದರ್ಶನ. ಇದರಲ್ಲಿ ಸಮಗ್ರ ಇತಿಹಾಸವು ಒಂದೇ ಭಂಡಾರದಲ್ಲಿರುತ್ತದೆ; ಭಂಡಾರದ ಸಂಪರ್ಕವಿಲ್ಲದೆ ಹೊಸ ದಾಖಲೆ ಸಾಧ್ಯವಿಲ್ಲ. ಆದರೆ ಆವೃತ್ತಿಗಳಿಗೆ 1, 2, 3 ಎಂಬ ಸರಳ ಕ್ರಮಸಂಖ್ಯೆ ದೊರೆಯುತ್ತದೆ. ಬೇಕಾದ ಭಾಗವನ್ನಷ್ಟೇ ತರಿಸಿಕೊಳ್ಳಬಹುದು.

ಎರಡನೆಯದು ವಿತರಿತ ಪದ್ಧತಿ. ಲೈನಕ್ಸ್ ರಚನಕಾರರು ಬಳಸುತ್ತಿದ್ದ ಬಿಟ್‌ಕೀಪರ್ ಸಾಧನದ ಉಚಿತ ಬಳಕೆಗೆ 2005ರಲ್ಲಿ ತಡೆಯುಂಟಾದಾಗ, ಲಿನಸ್ ಟೋರ್ವಾಲ್ಡ್ಸ್ ಅವರು ಅದೇ ವರ್ಷದ ಏಪ್ರಿಲಿನಲ್ಲಿ ಗಿಟ್ ಎಂಬುದನ್ನು ರಚಿಸಲಾರಂಭಿಸಿದರು. ಇದರಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ನಕಲೂ ಸಂಪೂರ್ಣ ಇತಿಹಾಸವನ್ನು ಹೊತ್ತಿರುತ್ತದೆ. ದಾಖಲೆಯ ಗುರುತನ್ನು ಅದರ ಒಳವಸ್ತುವಿನಿಂದಲೇ ಗಣಿಸುವುದರಿಂದ, ಒಂದಕ್ಷರ ಕೆಟ್ಟರೂ ಪರೀಕ್ಷಿಸಿದಾಗ ಪತ್ತೆಯಾಗುತ್ತದೆ.

ಒಬ್ಬನೇ ದುಡಿಯುವಲ್ಲಿ ಇಷ್ಟೊಂದು ವ್ಯವಸ್ಥೆ ಏತಕ್ಕೆ ಎಂಬುದು ಪೂರ್ವಪಕ್ಷ. ಒಬ್ಬನಿಗೇ ಇದು ಹೆಚ್ಚು ಸುಲಭ ಎಂಬುದು ಸಮಾಧಾನ. ಗಿಟ್ ಕೆಲಸದ ಕಡತಕೋಶದಲ್ಲಿಯೇ ಒಂದು ಆದೇಶದಿಂದ ಆರಂಭವಾಗುತ್ತದೆ. ಬೇರೆ ಸರ್ವರ್ ಬೇಕಿಲ್ಲ. ಅಂತರಜಾಲವಿಲ್ಲದ ಊರಿನಲ್ಲಿಯೂ ದಾಖಲೆ ನಡೆಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಗಿಟ್ ಬಳಸಿದ ಮಾತ್ರಕ್ಕೆ ಕೃತಿ ಸುರಕ್ಷಿತವಾಗದು. ಇತಿಹಾಸವೆಲ್ಲ ಒಂದೇ ಯಂತ್ರದಲ್ಲಿದ್ದು ಆ ಯಂತ್ರದ ಡಿಸ್ಕ್ ಕೆಟ್ಟರೆ, ಹತ್ತು ವರ್ಷಗಳ ನಿಘಂಟು ಅದರ ತಿದ್ದುಪಡಿಗಳೊಡನೆ ಹೋಗುತ್ತದೆ. ವಿತರಿತವೆಂಬ ಹೆಸರು ಸಾರ್ಥಕವಾಗುವುದು ನಕಲುಗಳು ಬೇರೆಬೇರೆ ಸ್ಥಳಗಳಲ್ಲಿದ್ದಾಗಲೇ. ಮೇಲಾಗಿ, ದಾಖಲಿಸದೆ ಬಿಟ್ಟ ತಿದ್ದುಪಡಿಯು ನಕಲುಗಳಿಗೆ ಸೇರುವುದಿಲ್ಲ.

ಅಪವಾದವೂ ಉಂಟು. ಓಲೆಗರಿಗಳ ಛಾಯಾಚಿತ್ರ, ಧ್ವನಿಮುದ್ರಣಗಳಂತಹ ಬೃಹತ್ ಕಡತಗಳನ್ನು ಪದೇಪದೇ ಬದಲಿಸುವವನಿಗೆ ಗಿಟ್ ಭಾರವಾಗುತ್ತದೆ. ಹಳೆಯ ರೂಪಗಳೆಲ್ಲ ಪ್ರತಿ ನಕಲಿನಲ್ಲಿಯೂ ತುಂಬಿಕೊಳ್ಳುವುವು. ಅಂಥವನಿಗೆ ಸಬ್‌ವರ್ಷನ್ ಯುಕ್ತ. ಅದರ ಭಂಡಾರಕ್ಕೂ ಪ್ರತ್ಯೇಕ ನಕಲು ಅನಿವಾರ್ಯ.

ಆದುದರಿಂದ ಬರವಣಿಗೆ, ಕ್ರಮವಿಧಿಗಳಂತಹ ಪಠ್ಯಪ್ರಧಾನವಾದ ಸ್ವಂತ ಕಾರ್ಯಕ್ಕೆ ವಿತರಿತ ಪದ್ಧತಿಯೇ ಗ್ರಾಹ್ಯ. ದಿನದ ಕೆಲಸ ಮುಗಿದೊಡನೆ ಕಾರಣಸಹಿತವಾಗಿ ದಾಖಲಿಸಿ, ಒಂದು ನಕಲನ್ನು ಬೇರೊಂದು ಡಿಸ್ಕಿನಲ್ಲಿಯೂ ಮತ್ತೊಂದನ್ನು ದೂರದ ಸರ್ವರಿನಲ್ಲಿಯೂ ಇಡತಕ್ಕದ್ದು. ಆಗಾಗ್ಗೆ ಅವುಗಳಿಂದ ಕೃತಿಯನ್ನು ಮರಳಿ ತೆಗೆದು ನೋಡತಕ್ಕದ್ದು.