ಮುಳ್ಳು ಮತ್ತು ಕಿರಣ

ಹಾಡನ್ನು ತಟ್ಟೆಯೊಂದರಲ್ಲಿ ಹಿಡಿದಿಟ್ಟು, ಬೇಕೆನಿಸಿದಾಗ ಕೇಳಿ ಸಂತೋಷಪಡುವ ಸೌಭಾಗ್ಯವು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮನುಷ್ಯನಿಗೆ ಲಭಿಸಿತು. ಎಮಿಲ್ ಬರ್ಲಿನರ್ ಎಂಬಾತನು 1887ರಲ್ಲಿ ರೂಪಿಸಿದ ಗ್ರಾಮಫೋನ್ ಕೆಲವೇ ದಶಕಗಳಲ್ಲಿ ಲೋಕದ ಮೂಲೆಮೂಲೆಗಳನ್ನು ಹೊಕ್ಕಿತು. ಒಂದು ಆಸೆ ಈಡೇರಿದೊಡನೆ ಮತ್ತೊಂದು ಆಸೆ ಚಿಗುರುವುದು ಮನುಷ್ಯನ ಸ್ವಭಾವವಷ್ಟೆ. ನಾದವನ್ನು ತಟ್ಟೆಯಲ್ಲಿ ಸೆರೆಹಿಡಿಯಬಹುದಾದರೆ ಚಲಿಸುವ ಚಿತ್ರವನ್ನೇಕೆ ಸೆರೆಹಿಡಿಯಬಾರದು? ಈ ಪ್ರಶ್ನೆಗೆ ಉತ್ತರ ಹುಡುಕಹೊರಟವರು ಅನೇಕರು. ಅವರಲ್ಲಿ ಪ್ರತಿಯೊಬ್ಬರೂ ತಮ್ಮ ತಟ್ಟೆಯೇ ಮನೆಮನೆಯ ತಟ್ಟೆಯಾಗಬೇಕೆಂದು ಹಂಬಲಿಸಿದರು. ಆ ಹಂಬಲದಿಂದ ಹುಟ್ಟಿದ ಪೈಪೋಟಿಯಲ್ಲಿ ಕೋಟ್ಯಂತರ ಡಾಲರುಗಳು ಕರಗಿಹೋದವು.

ಮೊದಲ ಪ್ರಯತ್ನವು ದೂರದರ್ಶನದ ಆದ್ಯರಲ್ಲಿ ಒಬ್ಬನಾದ ಸ್ಕಾಟ್ಲೆಂಡಿನ ಜಾನ್ ಲೋಗಿ ಬೇರ್ಡನದು. 1927ರಲ್ಲಿ ಆತನು ಬೊಂಬೆಯೊಂದರ ಮುಖದ ಚಿತ್ರವನ್ನು ಕೇವಲ 30 ಗೆರೆಗಳಾಗಿ ವಿಂಗಡಿಸಿ, ಅದರ ವಿದ್ಯುತ್ ಸಂಕೇತವನ್ನು ಗ್ರಾಮಫೋನ್ ತಟ್ಟೆಯ ಮೇಲೆ ಮುದ್ರಿಸಿದನು. ಮುದ್ರಣವಾಯಿತು, ಆದರೆ ಅದನ್ನು ಮರಳಿ ಚಿತ್ರವಾಗಿಸಲು ಅವನಿಂದ ಆಗಲಿಲ್ಲ. ಐವತ್ತಕ್ಕೂ ಹೆಚ್ಚು ವರ್ಷಗಳು ಕಳೆದ ಮೇಲೆ, 1980ರ ದಶಕದಲ್ಲಿ, ಡೊನಾಲ್ಡ್ ಮ್ಯಾಕ್‌ಲೀನ್ ಎಂಬ ಎಂಜಿನಿಯರು ಗಣಕಯಂತ್ರದ ನೆರವಿನಿಂದ ಆ ತಟ್ಟೆಗಳಲ್ಲಿ ಅಡಗಿದ್ದ ಮುಖಗಳನ್ನು ಹೊರತೆಗೆದರು.

ಚಿತ್ರವನ್ನು ತಟ್ಟೆಗೆ ಇಳಿಸುವುದು ಇಷ್ಟೊಂದು ಕಷ್ಟವೇಕೆ? ನಮ್ಮ ಕಿವಿಗೆ ಕೇಳಿಸುವ ಅತ್ಯಂತ ತೀಕ್ಷ್ಣವಾದ ನಾದದಲ್ಲಿಯೂ ಸೆಕೆಂಡಿಗೆ 20 ಸಾವಿರದಷ್ಟು ಕಂಪನಗಳಿರುತ್ತವೆ, ಅದಕ್ಕಿಂತ ಹೆಚ್ಚಿಲ್ಲ. ದೂರದರ್ಶನದ ಚಿತ್ರಕ್ಕಾದರೋ ಸೆಕೆಂಡಿಗೆ 40 ಲಕ್ಷ ಕಂಪನಗಳಾದರೂ ಬೇಕು. ಹಾಡಿನ ತಟ್ಟೆಯಲ್ಲಿ ಇಪ್ಪತ್ತು ನಿಮಿಷ ಹರಿಯುವ ಗೀರು ಚಿತ್ರಕ್ಕೆ ಕೆಲವು ಸೆಕೆಂಡುಗಳಿಗೂ ಸಾಲದು. ಆದುದರಿಂದ ಗೀರುಗಳು ಕೂದಲೆಳೆಗಿಂತ ಎಷ್ಟೋ ಪಾಲು ಸೂಕ್ಷ್ಮವಾಗಬೇಕು, ತಟ್ಟೆಯು ಅನೇಕ ಪಟ್ಟು ವೇಗವಾಗಿ ತಿರುಗಬೇಕು, ಅದನ್ನು ಓದುವ ಮುಳ್ಳು ಎಂದೂ ದಾರಿ ತಪ್ಪಬಾರದು. ಜರ್ಮನಿಯ ಟೆಲಿಫುಂಕನ್ ಮತ್ತು ಇಂಗ್ಲೆಂಡಿನ ಡೆಕ್ಕಾ ಸಂಸ್ಥೆಗಳು ಜೊತೆಗೂಡಿ 1970ರಲ್ಲಿ ಬರ್ಲಿನ್ನಿನಲ್ಲಿ ಇಂಥ ತೆಳುತಟ್ಟೆಯೊಂದನ್ನು ಪ್ರದರ್ಶಿಸಿ, 1975ರಲ್ಲಿ ಮಾರಾಟಕ್ಕೂ ತಂದವು. ಒಂದು ತಟ್ಟೆಯಲ್ಲಿ ಹಿಡಿಸಿದ್ದು ಹತ್ತೇ ನಿಮಿಷದ ಚಿತ್ರ. ಒಂದು ಸಿನಿಮಾ ನೋಡಿ ಮುಗಿಸಲು ಹತ್ತು ಬಾರಿ ಎದ್ದು ತಟ್ಟೆ ಬದಲಿಸುವ ತಾಳ್ಮೆ ಯಾರಿಗಿದೆ? ಅದು ಬೇಗನೆ ಮರೆಯಾಯಿತು.

ಮುಖ್ಯವಾದ ಸ್ಪರ್ಧೆ ನಡೆದುದು ಅಮೆರಿಕಾದಲ್ಲಿ. ಒಂದು ಕಡೆ ಗ್ರಾಮಫೋನಿನ ಹಳೆಯ ಮುಳ್ಳನ್ನೇ ನಂಬಿದ ಆರ್.ಸಿ.ಎ. ಸಂಸ್ಥೆ, ಮತ್ತೊಂದು ಕಡೆ ಲೇಸರ್ ಕಿರಣವನ್ನು ನಂಬಿದ ಫಿಲಿಪ್ಸ್ ಮತ್ತು ಎಂ.ಸಿ.ಎ. ಸಂಸ್ಥೆಗಳು.

ಕಿರಣದ ಕಥೆಯನ್ನು ಮೊದಲು ನೋಡೋಣ. ಬೆಳಕಿನಿಂದ ಓದುವ ತಟ್ಟೆಯ ಕಲ್ಪನೆಯನ್ನು ಅಮೆರಿಕಾದ ಡೇವಿಡ್ ಪಾಲ್ ಗ್ರೆಗ್ 1958ರಲ್ಲಿಯೇ ಮಾಡಿದ್ದನು. ಹಾಲಿವುಡ್ಡಿನ ಯೂನಿವರ್ಸಲ್ ಚಿತ್ರಸಂಸ್ಥೆಯ ಒಡೆತನವಿದ್ದ ಎಂ.ಸಿ.ಎ. ಅವನ ಹಕ್ಕುಪತ್ರಗಳನ್ನು ಕೊಂಡಿತು. ಅದೇ ಕಾಲದಲ್ಲಿ ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದಲ್ಲಿಯೂ ಅಂಥದೇ ಸಂಶೋಧನೆ ನಡೆದಿತ್ತು. ಒಬ್ಬರ ಬಳಿ ಸಿನಿಮಾಗಳಿದ್ದವು, ಮತ್ತೊಬ್ಬರ ಬಳಿ ಯಂತ್ರವಿತ್ತು, ಇಬ್ಬರೂ ಕೈಜೋಡಿಸಿದರು. 1978ನೆಯ ಡಿಸೆಂಬರ್ ತಿಂಗಳಲ್ಲಿ ಅಟ್ಲಾಂಟಾ ನಗರದ ಅಂಗಡಿಗಳಲ್ಲಿ ಮೊದಲ ಲೇಸರ್ ತಟ್ಟೆಗಳು ಮಾರಾಟಕ್ಕೆ ಬಂದವು. 'ಜಾಸ್' ಎಂಬ ಪ್ರಸಿದ್ಧ ಚಿತ್ರವು ಆ ಮೊದಲ ತಟ್ಟೆಗಳಲ್ಲಿ ಒಂದು.

ಈ ತಟ್ಟೆಯು 30 ಸೆಂಟಿಮೀಟರ್ ಅಗಲವಾಗಿ ಕನ್ನಡಿಯಂತೆ ಹೊಳೆಯುತ್ತಿತ್ತು. ಅದರ ಒಡಲಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕುಳಿಗಳ ಸಾಲು ಸುರುಳಿಯಾಗಿ ಸಾಗುತ್ತದೆ. ಲೇಸರ್ ಕಿರಣವು ನುಣುಪಾದ ಜಾಗದಲ್ಲಿ ಬಿದ್ದರೆ ಪೂರ್ಣವಾಗಿ ಪ್ರತಿಫಲಿಸುತ್ತದೆ, ಕುಳಿಯಲ್ಲಿ ಬಿದ್ದರೆ ಮಂಕಾಗುತ್ತದೆ. ಈ ಬೆಳಕಿನ ಏರಿಳಿತವೇ ಚಿತ್ರದ ಸಂಕೇತ. ತಟ್ಟೆಯನ್ನು ಯಾವ ವಸ್ತುವೂ ಮುಟ್ಟುವುದಿಲ್ಲವಾದ್ದರಿಂದ ಎಷ್ಟು ಸಲ ನೋಡಿದರೂ ಸವೆತವಿಲ್ಲ. ತಟ್ಟೆಯ ಒಂದು ಬಗೆ ನಿಮಿಷಕ್ಕೆ 1800 ಸುತ್ತು ತಿರುಗುತ್ತಿತ್ತು. ಪ್ರತಿ ಸುತ್ತಿಗೂ ಸರಿಯಾಗಿ ಒಂದೊಂದು ಚಿತ್ರ. ಕಿರಣವನ್ನು ಒಂದೇ ಸುತ್ತಿನಲ್ಲಿ ನಿಲ್ಲಿಸಿದರೆ ಒಂದೇ ಚಿತ್ರವು ತೆರೆಯ ಮೇಲೆ ಅಲುಗಾಡದೆ ನಿಲ್ಲುತ್ತಿತ್ತು. ಹೀಗೆ ಒಂದು ಮೈಯಲ್ಲಿ 54 ಸಾವಿರ ಚಿತ್ರಗಳು. ಆದರೆ ಈ ಬಗೆಯಲ್ಲಿ ಒಂದು ಮೈಗೆ ಅರ್ಧ ಗಂಟೆಯ ಸಿನಿಮಾ ಮಾತ್ರ ಹಿಡಿಸುತ್ತಿತ್ತು. ಒಂದು ಗಂಟೆ ಹಿಡಿಸುವ ಇನ್ನೊಂದು ಬಗೆಯಲ್ಲಿ ಚಿತ್ರವನ್ನು ಹಾಗೆ ನಿಲ್ಲಿಸುವುದು ಆಗುತ್ತಿರಲಿಲ್ಲ.

ಯಂತ್ರವು ಉತ್ತಮವಾಗಿತ್ತು, ತಯಾರಿಕೆ ಉತ್ತಮವಾಗಿರಲಿಲ್ಲ. ಇಷ್ಟು ಸೂಕ್ಷ್ಮವಾದ ಕುಳಿಗಳಿಗೆ ಧೂಳಿನ ಒಂದು ಕಣವೇ ಬಂಡೆಗಲ್ಲು. ಕ್ಯಾಲಿಫೋರ್ನಿಯಾದ ಕಾರ್ಖಾನೆಯಿಂದ ಹೊರಬಂದ ತಟ್ಟೆಗಳಲ್ಲಿ ಅನೇಕವು ದೋಷಪೂರ್ಣವಾಗಿದ್ದು ಅಂಗಡಿಗೆ ಹಿಂದಿರುಗಿದವು. ಕೆಲವು ತಟ್ಟೆಗಳ ಒಳಗಿನ ಅಲ್ಯೂಮಿನಿಯಂ ಪದರಕ್ಕೆ ಗಾಳಿಯ ಸೋಂಕು ತಗಲಿ, ಕಾಲಕ್ರಮದಲ್ಲಿ ಚಿತ್ರದ ಮೇಲೆ ಚುಕ್ಕೆಗಳ ಮಳೆ ಸುರಿಯತೊಡಗಿತು. ಜಪಾನಿನ ಪಯೊನೀರ್ ಸಂಸ್ಥೆಯು ಈ ವಿದ್ಯೆಯನ್ನು ಕೈಗೆತ್ತಿಕೊಂಡು ತನ್ನ ದೇಶದಲ್ಲಿ ಶುಚಿಯಾದ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆಯೇ ಅದಕ್ಕೆ ಸ್ಥಿರತೆ ಬಂದುದು.

ಇನ್ನು ಮುಳ್ಳಿನ ಕಥೆ. ಆರ್.ಸಿ.ಎ. ಸಾಮಾನ್ಯ ಸಂಸ್ಥೆಯಲ್ಲ. ರೇಡಿಯೋವನ್ನು ಅಮೆರಿಕಾದ ಮನೆಗಳಿಗೆ ತಂದುದು, ದೂರದರ್ಶನವನ್ನು ಬೆಳೆಸಿದುದು, ಬಣ್ಣದ ದೂರದರ್ಶನವನ್ನು ನೆಲೆಗೊಳಿಸಿದುದು ಅದೇ. ಬಡ ವಲಸೆಗಾರರ ಮಗನಾಗಿ ರಷ್ಯಾದಿಂದ ಬಂದು, ತಂತಿ ಕಚೇರಿಯ ಹುಡುಗನಾಗಿ ಬಾಳನ್ನು ಆರಂಭಿಸಿದ ಡೇವಿಡ್ ಸಾರ್ನಾಫ್ ಅದನ್ನು ಬೆಳೆಸಿದ ಪುರುಷ. ಪ್ರಿನ್ಸ್‌ಟನ್ನಿನ ಅವರ ಪ್ರಯೋಗಾಲಯದಲ್ಲಿ 1964ರ ಸುಮಾರಿಗೆ ಚಿತ್ರತಟ್ಟೆಯ ಕೆಲಸ ಮೊದಲಾಯಿತು. ಲೇಸರ್ ಆಗ ದುಬಾರಿಯಾಗಿತ್ತು. ಹಾಡಿನ ತಟ್ಟೆಗಳನ್ನು ಒತ್ತುವ ಯಂತ್ರಗಳು, ಅದರಲ್ಲಿ ಪಳಗಿದ ಕೆಲಸಗಾರರು ಮನೆಯಲ್ಲೇ ಇದ್ದರು. ಹೀಗಿರುವಾಗ ಮುಳ್ಳಿನ ದಾರಿಯೇ ಅಗ್ಗದ ದಾರಿಯೆಂದು ಅವರು ಬಗೆದುದರಲ್ಲಿ ಅವಿವೇಕವೇನೂ ಇರಲಿಲ್ಲ.

ಅವರ ತಟ್ಟೆಯ ರಚನೆ ಅಚ್ಚರಿಗೊಳಿಸುವಂಥದು. ವಿದ್ಯುತ್ ಹರಿಯುವಂತೆ ಇಂಗಾಲದ ಪುಡಿಯನ್ನು ಬೆರೆಸಿದ ಪ್ಲಾಸ್ಟಿಕ್ಕಿನಿಂದ ಅದನ್ನು ಮಾಡಿದ್ದರು. ಹಾಡಿನ ತಟ್ಟೆಯ ಒಂದು ಗೀರಿನ ಅಗಲದಲ್ಲಿ ಇದರ 30ಕ್ಕೂ ಹೆಚ್ಚು ಗೀರುಗಳು ಹಿಡಿಸುತ್ತಿದ್ದವು. ವಜ್ರದ ಮುಳ್ಳಿನ ಬೆನ್ನಿಗೆ ಲೋಹದ ತೆಳುಲೇಪವಿತ್ತು. ಗೀರಿನ ತಳವು ಏರಿಳಿದಂತೆ ಆ ಲೇಪಕ್ಕೂ ತಟ್ಟೆಗೂ ನಡುವಿನ ವಿದ್ಯುತ್ ಧಾರಕತೆ ಹೆಚ್ಚುಕಡಿಮೆಯಾಗುತ್ತಿತ್ತು. ಆ ವ್ಯತ್ಯಾಸವನ್ನೇ ಯಂತ್ರವು ಚಿತ್ರವಾಗಿ ಮಾರ್ಪಡಿಸುತ್ತಿತ್ತು. ಬೆರಳಿನ ಗುರುತು, ಧೂಳು, ತೇವ ಯಾವುದನ್ನೂ ಈ ತಟ್ಟೆ ಸಹಿಸದು. ಆದುದರಿಂದ ಅದನ್ನು ಕೈಯಿಂದ ಮುಟ್ಟುವಂತೆಯೇ ಇರಲಿಲ್ಲ. ತಟ್ಟೆಯನ್ನು ಪ್ಲಾಸ್ಟಿಕ್ ಒರೆಯಲ್ಲಿಟ್ಟು ಮಾರುತ್ತಿದ್ದರು. ಒರೆಯನ್ನು ಯಂತ್ರದೊಳಕ್ಕೆ ತೂರಿಸಿ ಹಿಂದಕ್ಕೆಳೆದರೆ ತಟ್ಟೆಯು ಒಳಗೆ ಉಳಿಯುತ್ತಿತ್ತು. ಇಷ್ಟಾದರೂ ಮುಳ್ಳು ಆಗಾಗ ಗೀರು ಹಾರುತ್ತಿತ್ತು, ಮತ್ತೆ ಮತ್ತೆ ನೋಡಿದಂತೆಲ್ಲ ತಟ್ಟೆಯೂ ಮುಳ್ಳೂ ಸವೆಯುತ್ತಿದ್ದವು.

ಈ ಕಷ್ಟಗಳನ್ನೆಲ್ಲ ಒಂದೊಂದಾಗಿ ಗೆದ್ದುಕೊಂಡು ತಟ್ಟೆಯು ಅಂಗಡಿಗೆ ಬರುವ ಹೊತ್ತಿಗೆ 1981ನೆಯ ಮಾರ್ಚ್ ತಿಂಗಳಾಗಿತ್ತು. ಅಂದರೆ ಹದಿನೇಳು ವರ್ಷ. ಸಾರ್ನಾಫ್ ತೀರಿಕೊಂಡೇ ಹತ್ತು ವರ್ಷಗಳಾಗುತ್ತ ಬಂದಿದ್ದವು. ಯಂತ್ರದ ಬೆಲೆ ಸುಮಾರು 500 ಡಾಲರು. ಲೇಸರ್ ಯಂತ್ರಕ್ಕಿಂತ ಅಗ್ಗ. ಮೊದಲ ವರ್ಷ ಎರಡು ಲಕ್ಷ ಯಂತ್ರಗಳನ್ನು ಮಾರುವ ನಿರೀಕ್ಷೆಯಿತ್ತು. ಅದರಲ್ಲಿ ಅರ್ಧದಷ್ಟು ಮಾತ್ರ ಮಾರಾಟವಾಯಿತು.

ಮುಳ್ಳು ಸೋತುದು ಕಿರಣದಿಂದಲ್ಲ ಎಂಬುದೇ ಇಲ್ಲಿಯ ಸ್ವಾರಸ್ಯ. ಇವರಿಬ್ಬರೂ ಪರಸ್ಪರ ದಿಟ್ಟಿಸುತ್ತಿದ್ದಾಗ ಮೂರನೆಯವನು ಹಿತ್ತಿಲ ಬಾಗಿಲಿನಿಂದ ಮನೆಯೊಳಕ್ಕೆ ಬಂದು ಕುಳಿತಿದ್ದನು. ಅದು ಟೇಪು. 1975ರಲ್ಲಿ ಸೋನಿ ಸಂಸ್ಥೆಯ ಬೀಟಾಮ್ಯಾಕ್ಸ್, 1976ರಲ್ಲಿ ಜಪಾನ್ ವಿಕ್ಟರ್ ಸಂಸ್ಥೆಯ ವಿ.ಎಚ್.ಎಸ್. ಬಂದವು. ಟೇಪಿನ ಚಿತ್ರವು ಲೇಸರ್ ತಟ್ಟೆಯ ಚಿತ್ರದಷ್ಟು ಸ್ಪಷ್ಟವಲ್ಲ. ಸುತ್ತಿ ಬಿಚ್ಚುವ ರಗಳೆ ಬೇರೆ. ಆದರೆ ತಟ್ಟೆಗಿಲ್ಲದ ಒಂದು ಗುಣ ಅದಕ್ಕಿತ್ತು. ರಾತ್ರಿ ಬಿತ್ತರವಾಗುವ ಕಾರ್ಯಕ್ರಮವನ್ನು ಮುದ್ರಿಸಿಟ್ಟುಕೊಂಡು ಬೆಳಗ್ಗೆ ನೋಡಬಹುದಾಗಿತ್ತು. ತಟ್ಟೆಯಾದರೋ ಕಂಪನಿಯು ಕೊಟ್ಟುದನ್ನು ಮಾತ್ರ ತೋರಿಸುತ್ತಿತ್ತು. ಬಾಡಿಗೆಗೆ ಟೇಪು ಕೊಡುವ ಅಂಗಡಿಗಳು ಬೀದಿಬೀದಿಯಲ್ಲಿ ತೆರೆದ ಮೇಲಂತೂ ಸಿನಿಮಾ ತಟ್ಟೆಯನ್ನು ಕೊಂಡು ಮನೆಯಲ್ಲಿ ಜೋಡಿಸಿಡುವ ಅಗತ್ಯವೇ ಹಲವರಿಗೆ ತೋರಲಿಲ್ಲ.

ಆರ್.ಸಿ.ಎ.ಗೆ ಇದು ತಿಳಿಯದ ವಿಷಯವಾಗಿರಲಿಲ್ಲ. 1977ರಿಂದ ಅದು ಜಪಾನಿನಲ್ಲಿ ತಯಾರಾದ ವಿ.ಎಚ್.ಎಸ್. ಯಂತ್ರಗಳನ್ನು ತನ್ನ ಮುದ್ರೆಯೊತ್ತಿ ಮಾರುತ್ತಿತ್ತು. ಅವುಗಳಿಗೆ ಇಟ್ಟ ಹೆಸರು ಸೆಲೆಕ್ಟಾವಿಷನ್. ತನ್ನ ತಟ್ಟೆಗೆ ಇಟ್ಟ ಹೆಸರೂ ಸೆಲೆಕ್ಟಾವಿಷನ್! ಎಡಗೈಯಿಂದ ತಾನೇ ಮಾರುತ್ತಿದ್ದ ಸರಕು ಬಲಗೈಯ ಸರಕನ್ನು ಕೊಂದಿತು ಎನ್ನಬಹುದು. ಎಂ.ಸಿ.ಎ. ಕಥೆಯೂ ಕಡಿಮೆಯದಲ್ಲ. ಅದರ ಯೂನಿವರ್ಸಲ್ ಸಂಸ್ಥೆಯು ಡಿಸ್ನಿ ಸಂಸ್ಥೆಯೊಡಗೂಡಿ, ಮನೆಯಲ್ಲಿ ಟೇಪು ಮಾಡುವುದು ಕೃತಿಸ್ವಾಮ್ಯದ ಉಲ್ಲಂಘನೆಯೆಂದು 1976ರಲ್ಲಿ ಸೋನಿಯ ಮೇಲೆ ದಾವೆ ಹೂಡಿತ್ತು. ವ್ಯಾಜ್ಯವು ಅಮೆರಿಕಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1984ರ ಜನವರಿಯಲ್ಲಿ ಐವರು ನ್ಯಾಯಮೂರ್ತಿಗಳು ಸೋನಿಯ ಪರವಾಗಿಯೂ ನಾಲ್ವರು ವಿರುದ್ಧವಾಗಿಯೂ ತೀರ್ಪಿತ್ತರು. ಒಂದೇ ಮತದ ಅಂತರದಿಂದ ಟೇಪು ಉಳಿಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಆರ್.ಸಿ.ಎ. ತನ್ನ ತಟ್ಟೆಯ ಯಂತ್ರಗಳ ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ನಷ್ಟವು ಸುಮಾರು 58 ಕೋಟಿ ಡಾಲರು. ಯಂತ್ರ ಕೊಂಡವರು ಕಂಪನಿ ಎಣಿಸಿದುದಕ್ಕಿಂತ ಹೆಚ್ಚು ತಟ್ಟೆಗಳನ್ನೇ ಕೊಳ್ಳುತ್ತಿದ್ದರು. ಆದರೆ ಯಂತ್ರ ಕೊಂಡವರೇ ಸಾಕಷ್ಟಿರಲಿಲ್ಲ. 1986ರಲ್ಲಿ ಆರ್.ಸಿ.ಎ. ಸಂಸ್ಥೆಯು ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ವಶವಾಯಿತು. ಸಾರ್ನಾಫನ ಹೆಸರು ಹೊತ್ತ ಪ್ರಯೋಗಾಲಯವು ಮರುವರ್ಷ ಬೇರೊಂದು ಸಂಶೋಧನಾ ಸಂಸ್ಥೆಗೆ ಕೊಡುಗೆಯಾಗಿ ಹೋಯಿತು. ಇದೆಲ್ಲಕ್ಕೂ ತಟ್ಟೆಯೊಂದೇ ಕಾರಣವೆನ್ನುವುದು ಅತಿಶಯೋಕ್ತಿಯಾದೀತು.

ಜಪಾನ್ ವಿಕ್ಟರ್ ಸಂಸ್ಥೆಯು 1983ರಲ್ಲಿ ವಿ.ಎಚ್.ಡಿ. ಎಂಬ, ಗೀರಿಲ್ಲದ ಮೂರನೆಯ ಬಗೆಯ ತಟ್ಟೆಯನ್ನು ಹೊರತಂದಿತು. ಅದು ಜಪಾನಿನ ಆಚೆ ಮನೆಗಳನ್ನು ತಲುಪಲಿಲ್ಲ.

ಕಿರಣವು ಹೆಚ್ಚು ಮಾರಾಟವಾಗದಿದ್ದರೂ ಬದುಕಿಕೊಂಡಿತು. ಚಿತ್ರಪ್ರೇಮಿಗಳು, ವಸ್ತುಸಂಗ್ರಹಾಲಯಗಳು, ಜಪಾನಿನ ಹಾಡುಗಾರಿಕೆಯ ಕೂಟಗಳು ಅದನ್ನು ಪೋಷಿಸಿದವು. ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಯು ಲೇಸರ್ ತಟ್ಟೆಯಿಂದ ಮಾಡಿಸಿದ ಒಂದು ಕೆಲಸ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಹಿಡಿಸೀತು. 1086ರಲ್ಲಿ ವಿಲಿಯಂ ದೊರೆಯು ತನ್ನ ರಾಜ್ಯದ ಹೊಲಮನೆಗಳ ಲೆಕ್ಕವನ್ನೆಲ್ಲ ಚರ್ಮದ ಹಾಳೆಗಳ ಮೇಲೆ ಬರೆಯಿಸಿದ್ದನು; ಅದೇ ಡೂಮ್ಸ್‌ಡೇ ಪುಸ್ತಕ. ಅದಕ್ಕೆ 900 ವರ್ಷ ತುಂಬಿದ ನೆನಪಿಗಾಗಿ 1986ರಲ್ಲಿ ಹೊಸ ಡೂಮ್ಸ್‌ಡೇಯನ್ನು ಲೇಸರ್ ತಟ್ಟೆಗಳಲ್ಲಿ ತರಲಾಯಿತು. ಸಾವಿರಾರು ಶಾಲೆಗಳ ಮಕ್ಕಳು ತಮ್ಮ ಊರಿನ ಅಂಗಡಿ, ಆಟ, ಊಟ, ಉದ್ಯೋಗಗಳನ್ನು ಕುರಿತು ಬರೆದರು, ಛಾಯಾಚಿತ್ರ ತೆಗೆದರು. ಸುಮಾರು ಹತ್ತು ಲಕ್ಷ ಜನರ ಶ್ರಮ ಅದರಲ್ಲಿ ಸೇರಿತು. ಹದಿನಾರು ವರ್ಷ ಕಳೆಯುವಷ್ಟರಲ್ಲಿ ಆ ತಟ್ಟೆಯನ್ನು ಓದಬಲ್ಲ ಯಂತ್ರಗಳೇ ಅಪರೂಪವಾದವು. ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾನಿಲಯಗಳ ವಿದ್ವಾಂಸರು ಹಳೆಯ ಯಂತ್ರದ ನಡವಳಿಕೆಯನ್ನು ಹೊಸ ಗಣಕದಲ್ಲಿ ಅನುಕರಿಸಿ 2002ರಲ್ಲಿ ಅದನ್ನು ಮತ್ತೆ ಓದುವಂತೆ ಮಾಡಬೇಕಾಯಿತು. ಚರ್ಮದ ಪುಸ್ತಕವನ್ನು ಲ್ಯಾಟಿನ್ ಬಲ್ಲವರು ಇಂದಿಗೂ ಓದುತ್ತಿದ್ದಾರೆ.

ನಮ್ಮ ನಾಡಿನ ಮನೆಗಳು ಈ ದೊಡ್ಡ ತಟ್ಟೆಗಳನ್ನು ಕಂಡುದು ಇಲ್ಲವೆನ್ನುವಷ್ಟು ಕಡಿಮೆ. ನಮ್ಮಲ್ಲಿಗೆ ಮೊದಲು ಬಂದುದು ಟೇಪು. ಆ ಬಳಿಕ, ಅಂಗೈಯಗಲದ ವಿ.ಸಿ.ಡಿ. ಕರಾವಳಿಯ ಪೇಟೆಗಳಲ್ಲಿ ಯಕ್ಷಗಾನ ಪ್ರಸಂಗಗಳ ವಿ.ಸಿ.ಡಿ.ಗಳನ್ನು ಜನರು ಆಸೆಯಿಂದ ಕೊಂಡೊಯ್ಯುತ್ತಿದ್ದರು. ಈ ಕಿರುತಟ್ಟೆಯೂ, ಅದಕ್ಕೆ ಮೂಲವಾದ 1982ರ ಹಾಡಿನ ಸಿ.ಡಿ.ಯೂ ಸೋತ ಲೇಸರ್ ತಟ್ಟೆಯ ಸಂತಾನವೇ. ಕುಳಿಗಳ ಸಾಲನ್ನು ಕಿರಣದಿಂದ ಓದುವ ಕ್ರಮ ಒಂದೇ; ಬದಲಾದುದು ಸಂಕೇತದ ಬಗೆ. ಲೇಸರ್ ತಟ್ಟೆಯ ಚಿತ್ರವು ಅಲೆಯ ರೂಪದಲ್ಲಿದ್ದರೆ ಇವುಗಳಲ್ಲಿರುವುದು ಅಂಕಿಗಳ ರೂಪದಲ್ಲಿ.

ಮುಂದಿನ ಪೀಳಿಗೆಯ ತಟ್ಟೆಯ ವಿಷಯದಲ್ಲಿ ಮತ್ತೆ ಜಗಳವಾಗುವ ಸೂಚನೆಯಿತ್ತು. ಸೋನಿ ಮತ್ತು ಫಿಲಿಪ್ಸ್ ಒಂದು ಮಾದರಿಯನ್ನು, ತೋಷಿಬಾ ಮತ್ತು ಅದರ ಸಂಗಡಿಗರು ಇನ್ನೊಂದನ್ನು ಮುಂದಿಟ್ಟರು. ಗಣಕಯಂತ್ರಗಳ ತಯಾರಕರು ಎರಡು ಬಗೆಯ ತಟ್ಟೆಗಳನ್ನು ಒಪ್ಪುವುದಿಲ್ಲವೆಂದು ಹಟ ಹಿಡಿದುದರಿಂದ 1995ರಲ್ಲಿ ರಾಜಿಯಾಯಿತು. 1996ರ ನವೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಡಿ.ವಿ.ಡಿ. ಆ ರಾಜಿಯ ಫಲ. ಟೇಪನ್ನು ಕೊನೆಗೂ ಮನೆಯಿಂದ ಹೊರಗಟ್ಟಿದುದು ಈ ತಟ್ಟೆಯೇ.

ಹತ್ತು ವರ್ಷಗಳ ಬಳಿಕ ಅಂಥ ವಿವೇಕ ಉಳಿಯಲಿಲ್ಲ. ಕೆಂಪು ಕಿರಣಕ್ಕೆ ಬದಲಾಗಿ ನೀಲನೇರಿಳೆ ಬಣ್ಣದ, ಹೆಚ್ಚು ಮೊನಚಾದ ಕಿರಣವನ್ನು ಬಳಸಿ ಇನ್ನೂ ಸ್ಪಷ್ಟವಾದ ಚಿತ್ರವನ್ನು ಕೊಡುವ ಎರಡು ತಟ್ಟೆಗಳು 2006ರಲ್ಲಿ ಎದುರುಬದುರಾದವು. ತೋಷಿಬಾದ ಎಚ್.ಡಿ. ಡಿ.ವಿ.ಡಿ.ಯನ್ನು ಹಳೆಯ ಕಾರ್ಖಾನೆಗಳಲ್ಲಿಯೇ ಸುಲಭವಾಗಿ ತಯಾರಿಸಬಹುದಾಗಿತ್ತು. ಸೋನಿಯ ಬಣದ ಬ್ಲೂ-ರೇ ತಟ್ಟೆಯಲ್ಲಿ ಹೆಚ್ಚು ಹಿಡಿಸುತ್ತಿತ್ತು. ಸೋನಿ ತನ್ನ ಆಟದ ಯಂತ್ರದೊಳಗೇ ಬ್ಲೂ-ರೇಯನ್ನು ಅಳವಡಿಸಿ ಲಕ್ಷಾಂತರ ಮನೆಗಳಿಗೆ ಕಳುಹಿಸಿತು. ಹಾಲಿವುಡ್ಡಿನ ಚಿತ್ರಸಂಸ್ಥೆಗಳು ಎರಡು ಪಾಳೆಯಗಳಾಗಿ ಒಡೆದುದರಿಂದ, ಯಾವ ಯಂತ್ರವನ್ನು ಕೊಂಡರೂ ಅರ್ಧ ಸಿನಿಮಾಗಳು ಸಿಗದ ಸ್ಥಿತಿ. ಕೊಳ್ಳುವವರು ಕೈಕಟ್ಟಿ ಕುಳಿತರು. 2008ರ ಜನವರಿಯಲ್ಲಿ ವಾರ್ನರ್ ಸಂಸ್ಥೆಯು ಬ್ಲೂ-ರೇಯೊಂದನ್ನೇ ಆರಿಸಿಕೊಂಡಿತು. ಅದಾದ ಆರೇಳು ವಾರಗಳಲ್ಲಿ, ಫೆಬ್ರವರಿ 19ರಂದು, ತೋಷಿಬಾ ತನ್ನ ತಟ್ಟೆಯನ್ನು ಕೈಬಿಟ್ಟಿತು. 2009ರ ಜನವರಿಯಲ್ಲಿ ಪಯೊನೀರ್ ಸಂಸ್ಥೆಯು ಕೊನೆಯ 3 ಸಾವಿರದಷ್ಟು ಲೇಸರ್ ಯಂತ್ರಗಳೊಂದಿಗೆ ಅವುಗಳ ತಯಾರಿಕೆಯನ್ನು ಮುಗಿಸುವುದಾಗಿ ತಿಳಿಸಿತು. ಅದೇ ವರ್ಷ ತೋಷಿಬಾ ಬ್ಲೂ-ರೇ ಬಣವನ್ನು ಸೇರಿ, ತಾನೇ ಆ ಯಂತ್ರಗಳನ್ನು ಮಾರಲು ಮುಂದಾಯಿತು.